ಎರಡನೇ ಸೋಮವಾರದ ಬಜ್ಜಿ

ನಾನು ನಿಂತಿದ್ದದ್ದು ಹಡಗಿನ ಹತ್ತನೆಯ ಅಂತಸ್ತಿನಲ್ಲಿ, ಹಿಂಭಾಗಕ್ಕೆ, ಎಡಗಡೆಯ ಕಂಬಿ ಹಿಡಿದುಕೊಂಡು. ಬಗ್ಗಿ ನೋಡಿದರೆ ಕೆಳಗೆ ಹದಿನಾಲ್ಕನೇ ನಂಬರಿನ ಕಿತ್ತಳೆ ಬಣ್ಣದ ದೋಣಿ ತೂಗುತ್ತಿತ್ತು. ಗಂಟೆ ಸಂಜೆ ನಾಲ್ಕು ಹತ್ತು. ವಾರ ಸೋಮವಾರ. ದಿನಾಂಕವನ್ನೂ ಹೇಳಬಲ್ಲೆ, ಆದರೆ ಹೇಳಿ ಪ್ರಯೋಜನವಿಲ್ಲ. ಅದೇ ದಿನಾಂಕ, ಅದೇ ಸೋಮವಾರ, ಅದೇ ನಾಲ್ಕು ಹತ್ತು ಹಿಂದಿನ ದಿನವೂ ಆಗಿತ್ತು. ಆಗಲೂ ನಾನು ಹೆಚ್ಚುಕಡಿಮೆ ಅಲ್ಲೇ ನಿಂತಿದ್ದೆ.

ಮೈಸೂರಿನ ಕೋರ್ಟಿನಲ್ಲಿ ಮೂವತ್ತನಾಲ್ಕು ವರ್ಷ ಸಾಕ್ಷಿಗಳ ಹೇಳಿಕೆಯನ್ನು ಬೆರಳಚ್ಚು ಮಾಡಿದವನು ನಾನು. ಯಾರಾದರೂ ಕಟಕಟೆಯಲ್ಲಿ ನಿಂತು ಆ ವಾರ ಸೋಮವಾರ ಎರಡು ಸಲ ಬಂತು ಸ್ವಾಮಿ ಅಂದಿದ್ದರೆ, ಟೈಪು ಮಾಡುವುದನ್ನು ನಿಲ್ಲಿಸಿ ಸಾಹೇಬರ ಮುಖ ನೋಡುತ್ತಿದ್ದೆ. ಈಗ ಅದೇ ಮಾತನ್ನು ನಾನೇ ಹೇಳಬೇಕಾಗಿದೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ. ಕಂಡದ್ದನ್ನು ಕಂಡ ಹಾಗೆ, ಕೇಳಿದ್ದನ್ನು ಕೇಳಿದ ಹಾಗೆ. ನಡುವೆ ಸ್ವಲ್ಪ ದಾರಿ ತಪ್ಪಿದರೆ ಮನ್ನಿಸಿ. ಟೈಪು ಮಾಡುವಾಗ ತಪ್ಪದಿದ್ದದ್ದು ಮಾತಾಡುವಾಗ ತಪ್ಪುತ್ತದೆ.

ಇದನ್ನೆಲ್ಲ ಹೇಳಬೇಕಾಗಿ ಬಂದದ್ದು ಒಂದು ಫೋಟೋದಿಂದ. ಕೃಷ್ಣಮೂರ್ತಿಪುರಂನಲ್ಲಿ ನನ್ನ ಅಕ್ಕ ನಂಜಮ್ಮನ ಮನೆಯ ನಡುಮನೆಯಲ್ಲಿ ಈಚಿನವರೆಗೂ ಅದು ನೇತಾಡುತ್ತಿತ್ತು. ಫೋಟೋದಲ್ಲಿ ಅಕ್ಕ ಹಸಿರು ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಹಡಗಿನ ಒರಗು ಕುರ್ಚಿಯಲ್ಲಿ ಒರಗದೆ ಕೂತಿದ್ದಾಳೆ. ಬಲಗೈಯಲ್ಲಿ ಅರ್ಧ ಮೆಣಸಿನಕಾಯಿ ಬಜ್ಜಿ. ಮಿಕ್ಕರ್ಧ ಬಾಯಲ್ಲಿ. ಹಿಂದೆ ನೀಲಿ ಬಿಟ್ಟು ಬೇರೇನೂ ಇಲ್ಲ. ಎಡಗಡೆಯ ಅಂಚಿನಲ್ಲಿ ನನ್ನ ಹೊಟ್ಟೆಯ ಒಂದು ಭಾಗ ಮತ್ತು ಕೈಗಡಿಯಾರ ಕಟ್ಟಿದ ಎಡಗೈ. ಕೆಳಗೆ ಬಲಮೂಲೆಯಲ್ಲಿ ಹಳದಿ ಅಕ್ಷರದಲ್ಲಿ ದಿನಾಂಕ, ಸೋಮವಾರ, ನಾಲ್ಕು ಹತ್ತು. ನನ್ನ ಹೆಂಡತಿ ಸಾವಿತ್ರಿಯ ಮೊಬೈಲು ತಾನೇ ಬರೆದುಕೊಂಡದ್ದು ಅದು.

ದೇವರಾಜ ಮೊಹಲ್ಲಾದಲ್ಲಿ ಕಟ್ಟು ಹಾಕಿಸಲು ಕೊಟ್ಟಾಗ ಅಂಗಡಿಯವರು ಕೆಳಗಿನ ಅಕ್ಷರ ಕತ್ತರಿಸಿಬಿಡಲೇ ಎಂದು ಕೇಳಿದರು. ನಾನು ಬೇಡ, ಅದು ದಾಖಲೆ ಅಂದೆ. ನನ್ನ ಜೀವನದಲ್ಲಿ ಆಡಿದ ಅನಾವಶ್ಯಕ ಮಾತುಗಳ ಪಟ್ಟಿ ದೊಡ್ಡದಿದೆ. ಇದನ್ನು ಅದರಲ್ಲಿ ಮೊದಲಿಗೆ ಹಾಕಬೇಕು.

ಯಾಕೆಂದರೆ ಅಕ್ಕನ ಸೋಮವಾರ ಅವಳ ಬೀದಿಗೆಲ್ಲ ಗೊತ್ತು. ಸೋಮವಾರ ಅವಳು ಒಪ್ಪತ್ತು. ಮಧ್ಯಾಹ್ನ ಒಂದು ಊಟ, ಆಮೇಲೆ ಮಾರನೆಯ ದಿನದವರೆಗೂ ನೀರು ಮಾತ್ರ. ನಂಜನಗೂಡಿನ ನಂಜುಂಡನಿಗೆ. ಅವಳು ರೇಷ್ಮೆ ನೇಯ್ಗೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಗ ಜೊತೆಯವರು ಸೋಮವಾರ ಯಾರ ಬೀಳ್ಕೊಡುಗೆಯನ್ನೂ ಇಡುತ್ತಿರಲಿಲ್ಲವಂತೆ, ನಂಜಮ್ಮನಿಗೆ ಕೇಕು ತಪ್ಪುತ್ತದೆ ಎಂದು. ತನ್ನ ಮದುವೆಯ ಬೀಗರೂಟ ಸೋಮವಾರ ಬಿದ್ದಾಗಲೂ ಸಾಯಂಕಾಲ ನೀರು ಕುಡಿದು ಕೂತವಳು. ಅಂಥವಳ ಗೋಡೆಯ ಮೇಲೆ ಸೋಮವಾರ ಸಂಜೆಯ ಬಜ್ಜಿ, ಸಮಯ ಸಮೇತ.

ಮೊದಲು ನೋಡಿದವಳು ಜಯಲಕ್ಷ್ಮಿಪುರಂನ ಮಂಜುಳ, ನಮ್ಮ ಚಿಕ್ಕಮ್ಮನ ಮಗಳು. ಚಕ್ಕುಲಿ ಡಬ್ಬಿ ಹಿಡಿದು ಪ್ರವಾಸದ ಕತೆ ಕೇಳಲು ಬಂದವಳು ಕನ್ನಡಕ ಹಾಕಿಕೊಂಡು ಫೋಟೋ ಹತ್ತಿರ ಹೋದಳು.

"ಏನಕ್ಕ ಇದು, ಸೋಮ್ವಾರ ಸಾಯಂಕಾಲ ಬಜ್ಜಿ? ಸಮುದ್ರದ ಮೇಲಿದ್ರೆ ನಂಜುಂಡಂಗೆ ಕಾಣಲ್ಲ ಅಂತ ಯಾರೇಳಿದ್ರು ನಿಂಗೆ?"

ತಮಾಷೆಗೇ ಹೇಳಿದಳು. ಮಂಜುಳ ಕೆಟ್ಟವಳಲ್ಲ. ನಾನು ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ಮುಚ್ಚಿಸಿದಳು. "ಹೂಂ ಕಣೆ, ತಿಂದೆ" ಅಂದಳು. ಅಷ್ಟೇ. ಮುಂದಿನ ವಾರ ಹೋದಾಗ ಗೋಡೆಯಲ್ಲಿ ಮೊಳೆ ಮಾತ್ರ ಇತ್ತು. ಗಾಜು ಒಡೆದೀತು ಅಂತ ತೆಗೆದಿಟ್ಟೆ ಎಂದಳು. ಅಕ್ಕಿ ಡ್ರಮ್ಮಿನ ಹಿಂದೆ, ಗೋಡೆಗೆ ಮುಖ ಮಾಡಿ ಇಟ್ಟಿದ್ದನ್ನು ನಾನು ನೋಡಿದೆ. ಗಾಜು ನೆಟ್ಟಗೇ ಇತ್ತು.

ಹಾಗಾಗಿ ಈ ಹೇಳಿಕೆ.

ಸಮುದ್ರಯಾನ ಅಕ್ಕನ ಆಸೆ. ದುಡ್ಡೂ ಅವಳದೇ, ಅದರ ಮಾತು ಇಲ್ಲಿ ಬೇಡ. ನಾವು ಹುಟ್ಟಿದ್ದು ಕಪಿಲೆಯ ದಂಡೆಯ ಹಳ್ಳಿಯಲ್ಲಿ. ಬಟ್ಟೆ ಒಗೆಯಲು ಹೋದಾಗ ಸೋಪಿನ ನೊರೆ ತೇಲಿಹೋಗುವುದನ್ನು ನೋಡುತ್ತಾ ಇದು ಎಲ್ಲಿಗೆ ಹೋಗುತ್ತದೆ ಎಂದು ಅವ್ವನನ್ನು ಕೇಳುತ್ತಿದ್ದಳಂತೆ. ಸಮುದ್ರಕ್ಕೆ ಹೋಗುತ್ತೆ, ನೀನು ಬೇಗ ಹಿಂಡು ಎಂಬುದು ಅವ್ವನ ಉತ್ತರ. ಅಪ್ಪನಿಗೆ ಮೈಸೂರಿನಲ್ಲಿ ಜವಾನನ ಕೆಲಸ ಸಿಕ್ಕಿ ನಾವು ವಠಾರದ ಮನೆಗೆ ಬಂದ ಮೇಲೆ ಹೊಳೆ ಹೋಗಿ ನಲ್ಲಿ ಬಂತು. ಹದಿನೆಂಟು ಮನೆಗೆ ಒಂದು ನಲ್ಲಿ. ಆದರೂ ಅಕ್ಕ ಆ ಪ್ರಶ್ನೆಯನ್ನು ಬಿಡಲಿಲ್ಲ. ಎಪ್ಪತ್ತೆರಡನೆಯ ವಯಸ್ಸಿಗೆ, ನನ್ನನ್ನೂ ಸಾವಿತ್ರಿಯನ್ನೂ ಕಟ್ಟಿಕೊಂಡು, ಆಸ್ಟ್ರೇಲಿಯಾದಲ್ಲಿ ಹಡಗು ಹತ್ತಿದಳು. ಫಿಜಿ ದ್ವೀಪ ಮುಟ್ಟಿ, ಅಲ್ಲಿಂದ ಹವಾಯಿಗೆ. ನಡುವೆ ಆರು ಹಗಲು ನೆಲ ಕಾಣುವುದಿಲ್ಲ ಅಂದರು.

ಹಡಗಿನ ಮೊದಲ ದಿನವೇ ನಾನು ಮರ್ಯಾದೆ ಕಳೆದುಕೊಂಡೆ. ಧ್ವನಿವರ್ಧಕದಲ್ಲಿ ಎಲ್ಲರೂ ಮಸ್ಟರ್‌ಗೆ ಬರಬೇಕು ಎಂದು ಕೂಗಿದರು. ಸರ್ಕಾರಿ ಕೆಲಸ ಮಾಡಿದವನಿಗೆ ಮಸ್ಟರ್ ಅಂದರೆ ಹಾಜರಿ ಪುಸ್ತಕ. ಜೇಬಿನಲ್ಲಿ ಪೆನ್ನಿಟ್ಟುಕೊಂಡು, ಸಾಲಿನಲ್ಲಿ ಮೊದಲು ನಿಂತು, ರುಜು ಎಲ್ಲಿ ಹಾಕಬೇಕು ಎಂದು ಕೇಳಿದೆ. ಅಲ್ಲಿದ್ದಾಕೆ ನಗುತ್ತಾ ನನ್ನ ಕೊರಳಿಗೆ ಜೀವರಕ್ಷಕ ಜಾಕೆಟ್ ಹಾಕಿದಳು. ಹಡಗು ಮುಳುಗಿದರೆ ಎಲ್ಲಿ ನಿಲ್ಲಬೇಕು ಎಂದು ತೋರಿಸುವ ಏರ್ಪಾಡಂತೆ ಅದು. ಸಾವಿತ್ರಿ ಇವತ್ತಿಗೂ ಯಾರಾದರೂ ಮನೆಗೆ ಬಂದರೆ ಇದನ್ನು ಹೇಳಿಯೇ ಕಾಫಿ ಕೊಡುವುದು.

ನೆಲ ಕಾಣದ ದಿನ ಅಂದರೆ ಏನು ಅಂತ ಕೇಳಿ. ಬೆಳಿಗ್ಗೆ ಎದ್ದರೆ ನೀರು. ತಿಂಡಿ ತಿಂದು ಬಂದರೆ ನೀರು. ಮೊದಲ ಒಂದು ಗಂಟೆ ಎಷ್ಟು ದೊಡ್ಡದಲ್ಲವೇ ಅನ್ನಿಸುತ್ತದೆ. ಎರಡನೇ ಗಂಟೆಗೆ ಅದನ್ನು ಹೇಳಲು ಬೇರೆ ಮಾತು ಹುಡುಕುತ್ತೀರಿ. ಮೂರನೇ ಗಂಟೆಗೆ ಊಟ ಎಷ್ಟು ಹೊತ್ತಿಗೆ ಎಂದು ಕೇಳುತ್ತೀರಿ. ಏನೂ ಮಾಡದೆ ಕೂರುವುದನ್ನು ನಾನು ನಿವೃತ್ತಿಯ ನಂತರವೂ ಕಲಿತವನಲ್ಲ. ಏಳನೇ ಅಂತಸ್ತಿನಲ್ಲಿ ಹಡಗಿನ ಸುತ್ತ ನಡೆಯುವ ದಾರಿ ಇತ್ತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವವರ ಹಾಗೆಯೇ ಜನ ಕೈಬೀಸಿ ಸುತ್ತು ಹಾಕುತ್ತಿದ್ದರು. ವ್ಯತ್ಯಾಸ ಇಷ್ಟೇ, ಅಲ್ಲಿ ನೀರಿನ ಸುತ್ತ ನಾವು ನಡೆಯುತ್ತೇವೆ, ಇಲ್ಲಿ ನಮ್ಮ ಸುತ್ತ ನೀರು. ನಾನು ಬೆಳಗಿನ ತಿಂಡಿ, ಸುತ್ತು, ಹತ್ತು ಗಂಟೆಯ ತಿಂಡಿ, ಸುತ್ತು, ಊಟ ಎಂದು ಕ್ರಮ ಮಾಡಿಕೊಂಡೆ. ನಾಲ್ಕು ದಿನಕ್ಕೆ ಬೆಲ್ಟಿನ ತೂತು ಬದಲಾಯಿತು.

ಅಕ್ಕ ಮಾತ್ರ ಹತ್ತನೇ ಅಂತಸ್ತಿನಲ್ಲಿ ಒಂದು ಕುರ್ಚಿ ಹಿಡಿದು ನೀರನ್ನೇ ನೋಡುತ್ತಿದ್ದಳು, ಮಗ್ಗದ ಮೇಲೆ ಎಳೆ ಓಡುವುದನ್ನು ನೋಡಿದ ಹಾಗೆ, ಎಲ್ಲಾದರೂ ಕಡಿದೀತೆಂದು. ಏನಕ್ಕ ಕಾಣುತ್ತೆ ಅಂದರೆ, "ಇಷ್ಟೊಂದು ನೀರೈತೆ, ಒಂದು ಕೊಡ ತುಂಬ್ಕೊಳಕ್ಕಾಗಲ್ವಲ್ಲೋ" ಅನ್ನುತ್ತಿದ್ದಳು. ವಠಾರದ ನಲ್ಲಿಯ ಮುಂದೆ ಕೊಡ ಇಟ್ಟು ಕಾದವರಿಗೇ ಆ ಮಾತು ಗೊತ್ತಾಗುವುದು.

ಅವಳಿಗೆ ಅಲ್ಲೊಬ್ಬ ಗೆಳತಿ ಸಿಕ್ಕಿದ್ದಳು. ಫಿಜಿಯಲ್ಲಿ ಹತ್ತಿದ ಕಮಲಾದೇವಿ. ಅಕ್ಕನದೇ ವಯಸ್ಸು. ಆಕೆಯ ಮುತ್ತಜ್ಜ ಕಬ್ಬಿನ ಗದ್ದೆಗೆ ಕೂಲಿಯಾಗಿ ಉತ್ತರದ ಕಡೆಯಿಂದ ಆ ದ್ವೀಪಕ್ಕೆ ಹೋದವನಂತೆ. ಈಗ ಆಕೆ ಮಗಳ ಮನೆಗೆ ಹವಾಯಿಗೆ ಹೊರಟಿದ್ದಳು. ಹಿಂದಿ ಇಬ್ಬರಿಗೂ ಅರ್ಧರ್ಧ ಬರುತ್ತಿತ್ತು, ಆದರೆ ಆ ಅರ್ಧಗಳು ಬೇರೆ ಬೇರೆ. ಅಕ್ಕ ಸಾಲದ್ದಕ್ಕೆ ಕನ್ನಡ ಸೇರಿಸುತ್ತಿದ್ದಳು, ಆಕೆ ಇಂಗ್ಲಿಷ್ ಸೇರಿಸುತ್ತಿದ್ದಳು. ದಿನವಿಡೀ ಮಾತಾಡುತ್ತಿದ್ದರು. ಯಾರಿಗೂ ಏನೂ ಅರ್ಥವಾಗದೆ ಹೋದದ್ದು ನನಗೆ ಗೊತ್ತಿಲ್ಲ.

ಇಲ್ಲಿ ನನ್ನ ಕೈಗಡಿಯಾರದ ಮಾತು ಬರಬೇಕು. ಹಳೆಯದು, ಕೀಲಿ ಕೊಡುವಂಥದ್ದು. ಮೂರರ ಅಂಕಿಯ ಪಕ್ಕ ಪುಟ್ಟ ಕಿಟಕಿಯಲ್ಲಿ ವಾರ ತೋರಿಸುತ್ತದೆ. ಹೊರಡುವಾಗ ಅಕ್ಕ ಅದನ್ನು ಮೈಸೂರು ಗಂಟೆಯಲ್ಲೇ ಇಡು ಅಂದಳು. ಮನೆಯಲ್ಲಿ ಈಗ ಹಾಲಿನವನು ಬಂದ, ಈಗ ಬೀದಿ ಗುಡಿಸುತ್ತಿದ್ದಾರೆ ಎಂದು ಹೇಳಿಕೊಳ್ಳಲು ಅವಳಿಗೆ ಬೇಕಿತ್ತು. ಹಡಗಿನಲ್ಲಿ ಸಂಜೆ ನಾಲ್ಕು ಹತ್ತಾದರೆ ನನ್ನ ಕೈಯಲ್ಲಿ ಅದೇ ದಿನದ ಬೆಳಿಗ್ಗೆ ಒಂಬತ್ತು ನಲವತ್ತು.

ಸೋಮವಾರ ಬಂತು. ಅಕ್ಕ ಹಣೆಗೆ ವಿಭೂತಿ ಇಟ್ಟುಕೊಂಡು ಮಧ್ಯಾಹ್ನ ಅನ್ನ ಮೊಸರು ಉಂಡು ಒಪ್ಪತ್ತು ಮುಗಿಸಿದಳು. ಸಾಯಂಕಾಲ ಮಾರನೆಯ ದಿನದ ಕಾರ್ಯಕ್ರಮದ ಹಾಳೆಯನ್ನು ಬಾಗಿಲ ಕೆಳಗೆ ತಳ್ಳಿದರು. ತೆಗೆದು ನೋಡಿದರೆ ನಾಳೆಗೂ ಸೋಮವಾರ ಎಂದೇ ಅಚ್ಚಾಗಿತ್ತು, ದಿನಾಂಕವೂ ಇವತ್ತಿನದೇ. ನನಗೆ ಅವರ ಮೇಲೆ ಕನಿಕರ ಬಂತು. ಎಷ್ಟೇ ದೊಡ್ಡ ಸಂಸ್ಥೆಯಾದರೂ ಟೈಪಿಸ್ಟ್ ಟೈಪಿಸ್ಟೇ. ಪೆನ್ನು ತೆಗೆದು ಸೋಮವಾರವನ್ನು ಹೊಡೆದುಹಾಕಿ, ಮೇಲೆ ಮಂಗಳವಾರ ಎಂದು ಇಂಗ್ಲಿಷಿನಲ್ಲಿ ಬರೆದು, ಪಕ್ಕದಲ್ಲಿ ಕಿರುರುಜು ಹಾಕಿದೆ. ತಿದ್ದಿದ ಕಡೆ ಕಿರುರುಜು ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ. ಕೆಳಗಿನ ಕೌಂಟರಿಗೆ ಒಯ್ದು, ಮಿಕ್ಕ ಪ್ರತಿಗಳನ್ನೂ ಇದೇ ರೀತಿ ಸರಿಪಡಿಸಿಕೊಳ್ಳಿ ಎಂದು ಒಪ್ಪಿಸಿದೆ.

ಕೌಂಟರಿನಾಕೆ ತಾಳ್ಮೆಯಿಂದ ಹೇಳಿದಳು. ಲೋಕದಲ್ಲಿ ದಿನ ಎಲ್ಲಾದರೂ ಒಂದು ಕಡೆ ಶುರುವಾಗಬೇಕಲ್ಲ, ಆ ಗೆರೆ ಈ ಸಮುದ್ರದ ಮೇಲಿದೆ. ಪಡುವಣದಿಂದ ಮೂಡಣಕ್ಕೆ ದಾಟುವವರಿಗೆ ಒಂದು ದಿನ ಮತ್ತೆ ಸಿಗುತ್ತದೆ. ಗಡಿಯಾರ ಮುಟ್ಟಬೇಕಿಲ್ಲ, ಕ್ಯಾಲೆಂಡರನ್ನು ಒಂದು ದಿನ ತಡೆದರೆ ಸಾಕು. ನಾನು ತಿದ್ದಿದ ಹಾಳೆಯನ್ನು ನೆನಪಿಗೆ ಇಟ್ಟುಕೊಳ್ಳಬಹುದೇ ಎಂದು ಕೇಳಿದಳು. ಇಟ್ಟುಕೊಳ್ಳಿ ಅಂದೆ. ಹಿಂದಕ್ಕೆ ಕೇಳುವ ಧೈರ್ಯ ಇರಲಿಲ್ಲ.

ಬೆಳಿಗ್ಗೆ ಸಾವಿತ್ರಿ ನಗುತ್ತಾ, "ಅತ್ತಿಗೆ, ಇವತ್ತೂ ಸೋಮವಾರವಂತೆ" ಅಂದಳು. ಅಕ್ಕ ನಗಲಿಲ್ಲ. ವಿಭೂತಿ ಡಬ್ಬಿ ತೆಗೆದಳು.

ನಾನು ವಾದ ಶುರುಮಾಡಿದೆ. ನಿನ್ನೆ ಸೋಮವಾರ ಆಗಿಹೋಗಿದೆ, ಒಂದೇ ವಾರಕ್ಕೆ ಎರಡು ಸಲ ಶಿಕ್ಷೆ ಕೊಡುವಂತಿಲ್ಲ ಅಂದೆ. ನಿನ್ನೆದು ನಿನ್ನೆಗೆ ಅಂದಳು. ಗಡಿಯಾರ ತೋರಿಸಿ, ನೋಡು, ಮೈಸೂರಿನಲ್ಲಿ ಮಂಗಳವಾರ ಅಂದೆ. ಗಡಿಯಾರದ ಕಿಟಕಿಯನ್ನು ನೋಡಿದಳು, ತಲೆಯಾಡಿಸಿದಳು, ಹಣೆಗೆ ವಿಭೂತಿ ಎಳೆದುಕೊಂಡಳು. ಕೊನೆಗೆ ನಾನು ಕೋರ್ಟಿನಲ್ಲಿ ಕಲಿತ ದೊಡ್ಡ ವಾದವನ್ನೇ ಹೊರಗೆ ತೆಗೆದೆ. ನಂಜುಂಡ ಇರುವುದು ನಂಜನಗೂಡು ತಾಲ್ಲೂಕಿನಲ್ಲಿ, ಅವನ ವ್ಯಾಪ್ತಿಯಲ್ಲಿ ಈಗ ಮಂಗಳವಾರ, ಈ ಸೋಮವಾರ ಅವನ ವ್ಯಾಪ್ತಿಗೆ ಬರುವುದಿಲ್ಲ ಎಂದೆ.

"ನಾನಿರೋ ಕಡೆ ಬರ್ದೆ ಇರೋನಿಗೆ ನಾನ್ಯಾಕೋ ಒಪ್ಪತ್ತು ಮಾಡ್ಲಿ?" ಅಂದಳು ಅಕ್ಕ.

ಕಮಲಾದೇವಿಯನ್ನು ಕೇಳಿದೆವು, ಆ ಗೆರೆಯ ಪಕ್ಕದಲ್ಲೇ ಬಾಳಿದವಳು ಎಂದು. ಆಕೆಯೂ ಸೋಮವಾರದವಳೇ, ಆದರೆ ಅಂಥ ಕಟ್ಟುನಿಟ್ಟಿಲ್ಲ. ಕಾಲು ಯಾವ ನೆಲದ ಮೇಲಿದೆಯೋ ಆ ನೆಲದ ವಾರ, ಅಷ್ಟೇ, ಎಂದಳಂತೆ. ಅಕ್ಕ ಅದನ್ನು ಕನ್ನಡಕ್ಕೆ ತಂದು ನನಗೆ ಹೇಳಿ, ತನ್ನ ಕಾಲನ್ನೊಮ್ಮೆ ನೋಡಿಕೊಂಡು, "ನಮ್ಮ ಕಾಲು ನೀರ್ ಮೇಲೈತಲ್ಲ, ಈಗೇನ್ ಮಾಡಾದು?" ಎಂದಳು.

ಮಧ್ಯಾಹ್ನ ಮತ್ತೆ ಅನ್ನ ಮೊಸರು ಉಂಡಳು, ಎರಡನೆಯ ಸೋಮವಾರದ್ದು. ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಮುಗಿಯದಿದ್ದದ್ದು ಬಜ್ಜಿಯಿಂದ.

ದಾರಿ ತಪ್ಪುತ್ತಿದ್ದೇನೆ ಅನ್ನಿಸಿದರೂ ಒಂದು ಮಾತು. ಚಿಕ್ಕವನಿದ್ದಾಗ ವಾರದಲ್ಲಿ ನನಗೆ ತುಂಬಾ ಇಷ್ಟವಾದ ದಿನ ಸೋಮವಾರ. ಬೇರೆ ಹುಡುಗರಿಗೆ ಭಾನುವಾರ. ನನಗೆ ಸೋಮವಾರ, ಯಾಕೆಂದರೆ ಆ ದಿನ ರಾತ್ರಿ ನನ್ನ ತಟ್ಟೆಗೆ ಒಂದೂವರೆ ಮುದ್ದೆ ಬೀಳುತ್ತಿತ್ತು. ಅಕ್ಕ ತನ್ನ ತಟ್ಟೆ ಇಟ್ಟುಕೊಳ್ಳದೆ ಒಲೆಯ ಪಕ್ಕ ಕೂತು, ಸಾರು ಸಾಕಾ ಎಂದು ನನ್ನನ್ನು ಕೇಳುತ್ತಿದ್ದಳು. ಅವಳಿಗೆ ಸೋಮವಾರ ಮುದ್ದೆ ಸೇರುವುದಿಲ್ಲ ಎಂದು ನಾನು ತಿಳಿದಿದ್ದೆ. ಮುಂದೆ ಅವಳಿಗೆ ಮದುವೆಯಾದಾಗ ಗಂಡನಿಗಾಗಿ ಅಂದುಕೊಂಡೆ. ಭಾವ ತೀರಿಕೊಂಡ ಮೇಲೆ ಅಭ್ಯಾಸ ಅಂದುಕೊಂಡೆ. ಸಾವಿರಾರು ಜನರಿಗೆ ನೀವು ಹಾಗೆ ಮಾಡಲು ಕಾರಣವೇನು ಎಂದು ವಕೀಲರು ಕೇಳಿದ್ದನ್ನು ಟೈಪು ಮಾಡಿದ ನಾನು, ಅಕ್ಕನನ್ನು ಒಮ್ಮೆಯೂ ಕೇಳಿರಲಿಲ್ಲ.

ಆ ದಿನ ಮೂರೂವರೆಗೆ ಹತ್ತನೇ ಅಂತಸ್ತಿನಲ್ಲಿ ಎಣ್ಣೆಯ ವಾಸನೆ ಬಂತು. ಹಡಗಿನ ಅಡುಗೆಮನೆಯಲ್ಲಿ ನಮ್ಮ ಕಡೆಯವರು ಯಾರೋ ಇದ್ದಿರಬೇಕು. ಸಂಜೆಯ ಚಹಾದ ಜೊತೆಗೆ ಬಜ್ಜಿ ಮಾಡಿದ್ದರು. ಹತ್ತು ದಿನದಿಂದ ಬ್ರೆಡ್ಡು, ಬೇಯಿಸಿದ ಹೂಕೋಸು ತಿಂದ ಮೂಗಿಗೆ ಅದು ಏನು ಅಂತ ಬಿಡಿಸಿ ಹೇಳಬೇಕಿಲ್ಲ. ಕಮಲಾದೇವಿ ಒಂದು ತಟ್ಟೆ ತುಂಬ ತಂದು ಅಕ್ಕನ ಪಕ್ಕದ ಮೇಜಿನ ಮೇಲಿಟ್ಟಳು. ಇಟ್ಟ ಮೇಲೆ ನೆನಪಾಗಿ ನಾಲಗೆ ಕಚ್ಚಿಕೊಂಡಳು. ಮೆಣಸಿನಕಾಯಿ ಬಜ್ಜಿ ಅಂದರೆ ಅಕ್ಕನಿಗೆ ಪ್ರಾಣ. ಅವಳು ಸಮುದ್ರದ ಕಡೆ ನೋಡಿದಳು. ಆಮೇಲೆ ತಟ್ಟೆಯ ಕಡೆ. ಆಮೇಲೆ ಮತ್ತೆ ಸಮುದ್ರದ ಕಡೆ, ಅದು ಅಲ್ಲೇ ಇದೆಯೇ ಎಂದು ಖಾತ್ರಿ ಮಾಡಿಕೊಂಡ ಹಾಗೆ.

ನನಗೆ ತಡೆಯಲಿಲ್ಲ. "ತಿನ್ನಕ್ಕ. ಒಂದು ಬಜ್ಜಿ ತಿಂದ್ರೆ ಏನಾಗ್ಬುಡುತ್ತೆ?"

"ಆದ್ರೆ ನನಗಾಗಲ್ಲ ಕಣೋ ಶಿವು. ನಿಂಗಾಗುತ್ತೆ."

ಅವಳು ಅದನ್ನು ಹೇಳಿದ್ದು ನಾನು ಹೇಳುತ್ತಿರುವಷ್ಟೇ ಮೆಲ್ಲಗೆ. ಆಗ ಗಂಟೆ ಮೂರು ಐವತ್ತು ದಾಟಿತ್ತು. ಮುಂದಿನದನ್ನು ಅವಳು ಸಮುದ್ರವನ್ನು ನೋಡುತ್ತಲೇ ಹೇಳಿದಳು. ನನಗೆ ಎಂಟು ವರ್ಷವಿದ್ದಾಗ ವಿಷಮಶೀತ ಜ್ವರ ಬಂದಿತ್ತು. ಬಂದದ್ದು ನನಗೂ ಗೊತ್ತು, ಗಂಜಿಯ ರುಚಿ ನೆನಪಿದೆ. ಮೂರನೇ ವಾರಕ್ಕೆ ಮೈಮೇಲೆ ಎಚ್ಚರ ತಪ್ಪಿತು, ಡಾಕ್ಟರು ಕೈಚೆಲ್ಲಿದರು, ಅದು ನನಗೆ ಗೊತ್ತಿರಲಿಲ್ಲ. ಅವ್ವ ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ನಂಜುಂಡನಿಗೆ ಹರಕೆ ಹೊತ್ತಳು. ನಂಜನ್ನು ಉಂಡು ಅರಗಿಸಿಕೊಂಡವನು ಜ್ವರವನ್ನು ಬಿಡಿಸನೇ ಎಂದು. ಹುಡುಗ ಉಳಿದರೆ ನನ್ನ ಮಗಳು ಸೋಮವಾರ ಸೋಮವಾರ ಒಪ್ಪತ್ತು ಇರುತ್ತಾಳೆ ಎಂದು.

"ಹರಕೆ ಅವ್ವಂದು, ಹೊಟ್ಟೆ ನಿಂದಾ?" ಅಂದೆ.

"ಅವ್ಳು ಗದ್ದೇಲಿ ಬಗ್ಗಿ ನಾಟಿ ಹಾಕೋಳು. ಅವ್ಳು ಹೊಟ್ಟೆ ಕಟ್ಟುದ್ರೆ ಮನೆ ನಡೀತಿತ್ತಾ? ನಂಗೆ ಹದಿಮೂರು. ಒಂದೊತ್ತು ಹೆಂಗೋ ಆಗ್ತದೆ."

"ನಿನ್ನ ಕೇಳಿದ್ಲಾ?"

"ಕೇಳಕ್ಕೇನಿತ್ತು? ನಾನೂ ಅಲ್ಲೇ ಇದ್ನಲ್ಲ, ನಿನ್ನ ತಲೆ ತೊಡೆ ಮೇಲಿಟ್ಕೊಂಡು."

ಎಲ್ಲಿಯವರೆಗೆ ಅಂತ ಹರಕೆ ಎಂದು ಕೇಳಿದೆ. ಅವಧಿ ಕೇಳುವುದು ನನ್ನ ರೂಢಿ. ಹುಡುಗ ಇರುವವರೆಗೆ ಅಂದಳು. ಇಷ್ಟು ವರ್ಷವಾಯಿತಲ್ಲಕ್ಕ, ಒಂದು ಸಲವೂ ಹೇಳಲಿಲ್ಲವಲ್ಲ ಎಂದರೆ, ಹೇಳಿದ್ದರೆ ನಿನಗೆ ಮುದ್ದೆ ಗಂಟಲಲ್ಲಿ ಇಳಿಯುತ್ತಿತ್ತಾ ಎಂದಳು. ಆಮೇಲೆ, ಅಕ್ಕನಾದ್ದರಿಂದ, ಒಂದು ಮಾತು ಸೇರಿಸಿದಳು.

"ಈಗ ಒಂದೇ ಯೋಚ್ನೆ ಕಣೋ. ನಿನಗಿಂತ ಮುಂಚೆ ನಾನು ಹೊಂಟೋದ್ರೆ ನಿನ್ನ ಸೋಮ್ವಾರ ಯಾರು ನೋಡ್ಕೋತಾರೆ?"

ನಾನು ಎದ್ದು ಕಂಬಿಯ ಹತ್ತಿರ ಹೋದೆ. ಕಮಲಾದೇವಿಗೆ ಮಾತು ಅರ್ಥವಾಗಿರಲಿಕ್ಕಿಲ್ಲ, ಆದರೆ ಬಜ್ಜಿಯ ತಟ್ಟೆಯ ಮೇಲೆ ಕಾಗದದ ಕರವಸ್ತ್ರ ಮುಚ್ಚಿದಳು. ಕೆಳಗೆ ಹದಿನಾಲ್ಕನೇ ನಂಬರಿನ ದೋಣಿಯನ್ನು ನೋಡುತ್ತಾ ನಿಂತೆ. ಮೊದಲ ದಿನ ಜಾಕೆಟ್ ಹಾಕಿ ತೋರಿಸಿದ್ದರಲ್ಲ, ಹಡಗು ಮುಳುಗಿದರೆ ಆ ದೋಣಿ ನನ್ನದು. ರುಜು ಹಾಕಲು ಪುಸ್ತಕ ಕೇಳಿದ್ದೆ ನಾನು. ಐವತ್ತೊಂಬತ್ತು ವರ್ಷದಿಂದ ಪ್ರತಿ ಸೋಮವಾರ ನನ್ನ ಹಾಜರಿಯನ್ನು ಯಾರೋ ಹಾಕುತ್ತಿದ್ದರು ಎಂಬುದು ಗೊತ್ತಿಲ್ಲದೆ.



ತಿರುಗಿ ನಿಂತೆ. "ಅಕ್ಕ, ನಿನ್ನೆ ಸೋಮ್ವಾರ ನಿಂದು. ಇವತ್ತಿನ ಸೋಮ್ವಾರ ನಂದು. ಇದನ್ನ ನಾನಿರ್ತೀನಿ. ನೀನು ತಿನ್ನು."

ಅಕ್ಕ ನನ್ನನ್ನು ತಲೆಯಿಂದ ಬೆಲ್ಟಿನವರೆಗೆ ನೋಡಿದಳು. "ನೀನಾ? ಬೆಳಿಗ್ಗೆಯಿಂದ ಎಷ್ಟು ಸಲ ತಿಂದೆ ಅಂತ ಗೊತ್ತಾ?"

ಗೊತ್ತಿತ್ತು. ಬೆಳಿಗ್ಗೆ ಒಂದು ಸಲ, ಹತ್ತಕ್ಕೆ ಒಂದು ಸಲ, ಮಧ್ಯಾಹ್ನ ಊಟ, ಊಟದ ನಂತರ ಐಸ್‌ಕ್ರೀಮು, ಅದನ್ನು ಬೇರೆಯಾಗಿ ಎಣಿಸಬೇಕೆಂದು ಸಾವಿತ್ರಿ ಅಂದಳು. ಅಕ್ಕ ತೀರ್ಪು ಕೊಟ್ಟಳು. ತಿಂದದ್ದು ತಿಂದಾಯಿತು, ಅದನ್ನು ನಂಜುಂಡ ಹೊಟ್ಟೆಗೆ ಹಾಕಿಕೊಳ್ಳುತ್ತಾನೆ. ಆದರೆ ಈ ಗಳಿಗೆಯಿಂದ ನಾಳೆ ಮಧ್ಯಾಹ್ನದವರೆಗೂ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗಕೂಡದು. ಆಗುತ್ತಾ?

ಆಗುತ್ತೆ ಅಂದೆ. ಸಾವಿತ್ರಿಯ ಮುಖ ನೋಡದೆ ಅಂದೆ.

ಅಕ್ಕ ಕರವಸ್ತ್ರ ತೆಗೆದು ಒಂದು ಬಜ್ಜಿ ಎತ್ತಿಕೊಂಡಳು. ಪಡುವಣದ ಕಡೆ, ಮೈಸೂರು ಆ ಕಡೆ ಇರಬಹುದೆಂಬ ಅಂದಾಜಿನಲ್ಲಿ, ಒಂದು ಸಲ ಹಣೆಗೆ ಮುಟ್ಟಿಸಿದಳು. ಕಚ್ಚಿದಳು. ಸಾವಿತ್ರಿ ಮೊಬೈಲು ಒತ್ತಿದಳು. ನಾಲ್ಕು ಹತ್ತು. ಒಟ್ಟು ಮೂರು ತಿಂದಳು. ಎರಡು ಮೆಣಸಿನಕಾಯಿಯದು, ಒಂದು ಆಲೂಗೆಡ್ಡೆಯದು. ಮೂರನೆಯದನ್ನು ಮುಗಿಸಿ, ಖಾರ ಸಾಲದು ಅಂದಳು. ಐವತ್ತೊಂಬತ್ತು ವರ್ಷದ ಮೇಲೆ ಸೋಮವಾರ ಸಂಜೆ ತಿಂದವಳ ಮೊದಲ ಮಾತು ಅದು.

ಫೋಟೋದಲ್ಲಿ ನನ್ನ ಗಡಿಯಾರ ಕಾಣುತ್ತದೆ ಎಂದೆನಲ್ಲ. ಭೂತಗನ್ನಡಿ ಹಿಡಿದರೆ ಒಂಬತ್ತು ನಲವತ್ತು ಎಂದು ಓದಬಹುದು. ಪಕ್ಕದ ಕಿಟಕಿಯಲ್ಲಿ ಮಂಗಳವಾರ ಇತ್ತು, ಅದು ಮಾತ್ರ ಬಿಸಿಲಿಗೆ ಹೊಳೆದು ಅಳಿಸಿಹೋಗಿದೆ. ಬೇಕಾದದ್ದೊಂದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಹೇಳುವ ಸಾಕ್ಷಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆದರೆ ಇನ್ನೊಂದು ಸಂಗತಿ ಆ ಫೋಟೋದಲ್ಲಿ ಸ್ಪಷ್ಟವಾಗಿದೆ, ಯಾರೂ ಗಮನಿಸುವುದಿಲ್ಲ. ನನ್ನ ಕೈ ಖಾಲಿ ಇದೆ. ಬಜ್ಜಿಯ ತಟ್ಟೆ ಒಂದು ಮೊಳದ ದೂರದಲ್ಲಿದ್ದಾಗ ನನ್ನ ಕೈ ಖಾಲಿಯಿರುವ ಫೋಟೋ ನಮ್ಮ ಕುಟುಂಬದಲ್ಲಿ ಅದೊಂದೇ.

ಆ ದಿನದ ಸಂಜೆ ಊಟಕ್ಕೆ ಏಳು ಬಗೆ. ನಾನು ನೀರಿನ ಲೋಟ ಹಿಡಿದು ಕೂತೆ. ಬಡಿಸುವವನು ಮೂರು ಸಲ ಬಂದು ಆರೋಗ್ಯ ವಿಚಾರಿಸಿದ. ಮರುದಿನ, ಅಂದರೆ ಕೊನೆಗೂ ಬಂದ ಮಂಗಳವಾರ, ತಿಂಡಿಯ ಹೊತ್ತಿಗೆ ನಾನು ಏಳನೇ ಅಂತಸ್ತಿನಲ್ಲಿ ಸುತ್ತು ಹಾಕಿದೆ. ಪ್ರತಿ ಸುತ್ತಿನಲ್ಲೂ ಅಡುಗೆಮನೆಯ ಗಾಳಿ ಒಂದು ಕಡೆ ಬೀಸುತ್ತಿತ್ತು. ಅಲ್ಲಿ ಹೆಜ್ಜೆ ತಾನಾಗಿ ನಿಧಾನವಾಗುತ್ತಿತ್ತು. ಹತ್ತೂವರೆಗೆ ಒಂದು ಬಿಸ್ಕತ್ತು ಊಟವಾಗುತ್ತದೆಯೇ ಎಂದು ಅಕ್ಕನನ್ನು ಕೇಳಿದೆ. ಅವಳು ನನ್ನ ಕೈಗಡಿಯಾರವನ್ನು ಬಿಚ್ಚಿಸಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಹನ್ನೆರಡಕ್ಕೆ ಊಟಕ್ಕೆ ಕೂತಾಗ, ಮಾತಾಡುತ್ತಾ ಆಡುತ್ತಾ, ತನ್ನ ತಟ್ಟೆಯ ಅರ್ಧ ಅನ್ನವನ್ನು ನನ್ನ ತಟ್ಟೆಗೆ ಸರಿಸಿದಳು. ತಾನೇನು ಮಾಡಿದೆ ಎಂದು ಅವಳಿಗೇ ತಿಳಿಯಲಿಲ್ಲ. ನನಗೆ ತಿಳಿಯಿತು. ಅನ್ನ ಗಂಟಲಲ್ಲಿ ಇಳಿಯಿತು, ಅದನ್ನೂ ಹೇಳಿಬಿಡುತ್ತೇನೆ. ಹಸಿವು ಅಷ್ಟಿತ್ತು.

ಮೈಸೂರಿಗೆ ಬಂದ ಮೇಲೆ ಸೋಮವಾರ ಮಧ್ಯಾಹ್ನ ನಾನು ಅಕ್ಕನ ಮನೆಗೆ ಹೋಗುತ್ತೇನೆ. ಇಬ್ಬರೂ ಒಂದೇ ಊಟ. ಈಗ ಕಲಿತಿದ್ದೀಯಲ್ಲ, ನನಗೆ ಯೋಚನೆಯಿಲ್ಲ ಎಂದು ಅವಳು. ನೀನು ಎಲ್ಲಿಗೂ ಹೋಗಬೇಡ, ನನಗಿನ್ನೂ ಸರಿಯಾಗಿ ಬಂದಿಲ್ಲ ಎಂದು ನಾನು. ಮಂಜುಳಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಹರಕೆ ಅಂದರೆ ಬೀದಿಗೆಲ್ಲ ಹೇಳಿಕೊಂಡು ತಿರುಗುವುದಲ್ಲ, ಬುಡು ಅಂದಳು. ಅಕ್ಕ ಹೇಳಬಾರದೆಂದು ನಿಯಮವಿರಬಹುದು. ತಮ್ಮ ಹೇಳಬಾರದೆಂದು ಎಲ್ಲೂ ಇಲ್ಲ. ಅಕ್ಕಿ ಡ್ರಮ್ಮಿನ ಹಿಂದಿನಿಂದ ಫೋಟೋ ತೆಗೆದು, ಒರೆಸಿ, ಈ ಹೇಳಿಕೆಯನ್ನು ಟೈಪು ಮಾಡಿ ಮಡಿಸಿ ಅದರ ಬೆನ್ನಿಗೆ ಅಂಟಿಸಿ, ಅದೇ ಮೊಳೆಗೆ ತೂಗುಹಾಕುವವನಿದ್ದೇನೆ. ಮಂಜುಳ ಮುಂದಿನ ಸಲ ಕನ್ನಡಕ ಹಾಕಿಕೊಂಡಾಗ ಹಿಂದಕ್ಕೂ ತಿರುಗಿಸಿ ನೋಡಲಿ.

ನಂಬಿಕೆಯಿಲ್ಲದವರು ವಿಚಾರಿಸಬಹುದು. ಆ ಸಂಜೆ ನಾಲ್ಕು ಹತ್ತಕ್ಕೆ ಅಲ್ಲಿದ್ದು ಕಣ್ಣಾರೆ ಕಂಡವರು ಇವರು. ನನ್ನ ಹೆಂಡತಿ ಸಾವಿತ್ರಿ, ಈಗ ಒಳಗೆ ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದಾಳೆ. ಕಮಲಾದೇವಿ, ಮಗಳ ಮನೆಯಲ್ಲಿ ಕ್ಷೇಮ, ವಾರಕ್ಕೊಮ್ಮೆ ಅಕ್ಕನಿಗೆ ಫೋನು ಮಾಡುತ್ತಾಳೆ, ಅವಳಿಗೆ ಆಗ ಹಿಂದಿನ ದಿನ. ಅಕ್ಕ ನಂಜಮ್ಮ, ಎಪ್ಪತ್ತೆರಡು, ಮೆಟ್ಟಿಲು ಹತ್ತುವಾಗ ಮಂಡಿ ಹಿಡಿಯುತ್ತಾಳೆ, ಮಿಕ್ಕಂತೆ ಗಟ್ಟಿ. ನಾಲ್ಕನೆಯವನು, ಎಂಟನೆಯ ವಯಸ್ಸಿಗೆ ಹೋಗಬೇಕಾಗಿದ್ದವನು, ಅವನೂ ಇದ್ದಾನೆ.